ಅತ್ತೆ ಕೂತ ಸೋಫಾ

ತನ್ನ ಕೈಗೆ ಬಂದದ್ದು ಕಳೆಯುವುದಿಲ್ಲ ಎಂಬುದು ಜೋಪಾನಯ್ಯನ ಹೆಮ್ಮೆ. ರೈಲಿನಲ್ಲಿ ಪ್ರಯಾಣಿಕರು ಮರೆತುಹೋದ ಸಾಮಾನುಗಳನ್ನು ಕಾಯುವ ಕಚೇರಿಗೆ ಅವನೇ ಅಧಿಪತಿ, ಅವನೇ ಸೇನಾಪತಿ, ಗುಡಿಸುವವನು ಬಾರದ ದಿನ ಅವನೇ ಕಾಲಾಳು. ಕೊಡೆ, ಕೈಚೀಲ, ಟೋಪಿ, ಒಂಟಿ ಬೂಟು, ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು, ಯಾವುದೇ ಬರಲಿ, ಕೊರಳಿಗೊಂದು ದಾರ, ದಾರಕ್ಕೊಂದು ಚೀಟಿ. ಅವನ ನಿಜವಾದ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು. ಮಾತಿಗೊಮ್ಮೆ 'ಜೋಪಾನ' ಎನ್ನುತ್ತಿದ್ದವನಿಗೆ ಜೊತೆಯವರು ಇಟ್ಟ ಹೆಸರೇ ಗಟ್ಟಿಯಾಗಿಬಿಟ್ಟಿತ್ತು.

ಕಳೆದುಕೊಂಡವರು ಅವನ ಕಿಟಕಿಗೆ ಬಂದರೆ ಅದು ಕಿಟಕಿಯಲ್ಲ, ಕಟಕಟೆ.

"ನನ್ನ ಕೊಡೆ ಬಿಟ್ಟು ಇಳಿದುಬಿಟ್ಟೆ ಸಾರ್."

"ಗುರುತು ಹೇಳಿ."

"ಕಪ್ಪು ಕೊಡೆ."

"ಎಲ್ಲಾ ಕೊಡೇನೂ ಕಪ್ಪೇ. ಹಿಡಿ ಯಾವುದು, ಮರದ್ದಾ, ಪ್ಲಾಸ್ಟಿಕ್ಕಾ? ಎಷ್ಟು ಕಡ್ಡಿ ಮುರಿದಿದೆ?"

"ಅದೆಲ್ಲ ಯಾರು ನೋಡ್ತಾರೆ ಸಾರ್?"

"ಬಂದೋರೆಲ್ಲ ನಂದು ಅಂದ್ರೆ ಕೊಟ್ಟುಬಿಡೋಕಾಗುತ್ತಾ? ಸ್ವಂತ ಕೊಡೆ ಮುಖ ಗೊತ್ತಿಲ್ಲದೋರಿಗೆ ಕೊಡೆ ಯಾಕ್ರೀ? ನೆನೀರಿ."

ಹೀಗಿದ್ದ ಜೋಪಾನಯ್ಯನ ವಶಕ್ಕೆ ಒಂದು ಭಾನುವಾರ ಬಂದದ್ದು ಕೊಡೆಯಲ್ಲ, ಅತ್ತೆ.

ಕತೆ ಇಷ್ಟೇ. ಹೆಂಡತಿ ಔಷಧಿ ಅಂಗಡಿಯ ಕೆಲಸಕ್ಕೆ ಮರುದಿನದಿಂದ ಮರಳಬೇಕಿತ್ತು. ಕೂಸಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಅದನ್ನು ನೋಡಿಕೊಳ್ಳಲು ಅತ್ತೆ ಇಲ್ಲೇ ಉಳಿದರೆ ಸಂಸಾರ ದಡ ಸೇರುತ್ತದೆ, ಇಲ್ಲವಾದರೆ ಹೆಂಡತಿಯ ಕೆಲಸ ಹೋಗುತ್ತದೆ. ಅತ್ತೆಯದೋ ಬಂದ ದಿನದಿಂದ ಒಂದೇ ರಾಗ.

"ನಾಲ್ಕು ಗೋಡೆ, ಒಂದು ಬಾಲ್ಕನಿ, ಎದುರಿಗೆ ಇನ್ನೊಬ್ಬರ ಬಾಲ್ಕನಿ. ಇದೂ ಒಂದು ಊರೇನೇ? ನಾನು ದೊಡ್ಡವಳ ಮನೆಗೆ ಹೋಗ್ತೀನಿ. ಆ ಅಳಿಯಂದ್ರು ನನ್ನನ್ನ ಹಡಗು ನೋಡೋಕೆ ಕರ್ಕೊಂಡು ಹೋಗಿದ್ರು."

ದೊಡ್ಡವಳ ಗಂಡ ಎಂದರೆ ಷಡ್ಡಕ. ಆ ಹಡಗು ಊಟಕ್ಕೊಮ್ಮೆ ತೇಲಿ ಬರುತ್ತಿತ್ತು, ಬಂದಾಗಲೆಲ್ಲ ಜೋಪಾನಯ್ಯನಿಗೆ ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

"ಅಮ್ಮ ಈ ಊರನ್ನ ಸರಿಯಾಗಿ ನೋಡೇ ಇಲ್ಲ ರೀ," ಎಂದಳು ಹೆಂಡತಿ. "ಹಳಿಯಾಚೆ ಹಳೇ ಬಡಾವಣೆಗಳಿವೆಯಲ್ಲ, ಅಲ್ಲಿಗೆ ಕರ್ಕೊಂಡು ಹೋಗಿ. ಮಾರ್ಕೆಟ್ಟು, ತಿಂಡಿ ಗಾಡಿ, ಜನ, ಗಲಾಟೆ, ಅಮ್ಮನಿಗೆ ಅದೆಲ್ಲ ಇಷ್ಟ. ಬರ್ತಾ ಕುಕ್ಕರಿಗೆ ಒಂದು ರಬ್ಬರ್ ತನ್ನಿ. ಅಮ್ಮ ಮಾತ್ರ ಜೋಪಾನ."

"ಯಾರಿಗೆ ಹೇಳ್ತಿದ್ದೀಯ? ಇಷ್ಟು ವರ್ಷದಲ್ಲಿ ನನ್ನ ಕೈಯಿಂದ ಒಂದು ಗುಂಡುಸೂಜಿ ಕಳೆದಿಲ್ಲ. ನಿಮ್ಮಮ್ಮ ಗುಂಡುಸೂಜಿಗಿಂತ ದೊಡ್ಡವರು ತಾನೆ?"

"ಅದನ್ನ ಅವಳ ಮುಂದೆ ಹೇಳ್ಬೇಡಿ."

ಮಧ್ಯಾಹ್ನದ ಊಟ ಮುಗಿಸಿ ಇಬ್ಬರೂ ಹೊರಟರು. ಹಳಿಗಳ ಮೇಲಿನ ಕಬ್ಬಿಣದ ಸೇತುವೆ ಹತ್ತುವಾಗಲೇ ಜೋಪಾನಯ್ಯ ತನ್ನ ವೃತ್ತಿಯ ಪರಮ ಸೂತ್ರವನ್ನು ಉಪದೇಶಿಸಿದ.

"ಅತ್ತೆ, ಅಕಸ್ಮಾತ್ ಜನದಲ್ಲಿ ತಪ್ಪಿಹೋದ್ರೆ ಒಂದೇ ನಿಯಮ. ಕಳೆದುಹೋದೋರು ಇದ್ದಲ್ಲೇ ಇರ್ಬೇಕು, ಹುಡುಕೋರು ಮಾತ್ರ ಓಡಾಡ್ಬೇಕು. ಇಬ್ಬರೂ ಓಡಾಡಿದ್ರೆ ಇಡೀ ದಿನ ಸುತ್ತೋದೇ ಆಗುತ್ತೆ."

"ನಾನು ಮಕ್ಕಳಿಗೆ ಹೇಳ್ತಿದ್ದದ್ದೂ ಇದನ್ನೇ," ಎಂದರು ಅತ್ತೆ. ಅವರು ಸಣ್ಣ ಮಕ್ಕಳ ಶಾಲೆಯಲ್ಲಿ ಮೇಡಂ ಆಗಿದ್ದು ನಿವೃತ್ತರಾದವರು. ಕೂರು ಎಂದರೆ ಕೂರಬೇಕು, ಏಳು ಎಂದರೆ ಏಳಬೇಕು ಎಂಬುದು ಅವರ ಶಾಸನ. ಪಾಪ, ಅದನ್ನು ತಮಗೂ ಅನ್ವಯಿಸಿಕೊಳ್ಳುವ ಅಪರೂಪದ ಶಾಸಕರು.

ಸೇತುವೆ ಇಳಿದದ್ದೇ ಅತ್ತೆಯ ಮುಖ ಅರಳಿತು. ಮೊದಲ ಬೀದಿ ಪೂರ್ತಿ ಬಟ್ಟೆ, ತಲೆಯ ಮೇಲೆಲ್ಲ ಥಾನುಗಳು ತೂಗುತ್ತಿದ್ದವು. ಎರಡನೆಯ ಬೀದಿ ಪಾತ್ರೆಯದು, ಅಲ್ಲಿ ಮಾತನಾಡಬೇಕಾದರೆ ಕೂಗಬೇಕು. ಮೂಲೆಯಲ್ಲಿ ಒಲೆಯಿಂದ ಆಗತಾನೆ ತೆಗೆದ ಬ್ರೆಡ್ಡು, ಅದರಾಚೆ ಕೆಂಡದ ಮೇಲೆ ಜೋಳದ ತೆನೆ. ಅತ್ತೆ ಎಲ್ಲವನ್ನೂ ಮುಟ್ಟಿದರು, ಮೂಸಿದರು, ಎಲ್ಲದಕ್ಕೂ ಬೆಲೆ ಕೇಳಿದರು. ಹಡಗಿನ ಸುದ್ದಿಯೇ ಇಲ್ಲ. ಜೋಪಾನಯ್ಯನಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು.

ಹಳೆಯ ಪೀಠೋಪಕರಣದ ಬೀದಿಗೆ ಬರುವ ಹೊತ್ತಿಗೆ ಅತ್ತೆಯ ಮಂಡಿ ಮುಷ್ಕರ ಹೂಡಿತು. ಅಂಗಡಿಯೊಂದರ ಮುಂದೆ ರಸ್ತೆಗೇ ಒಂದು ಸೋಫಾ ಇಟ್ಟಿದ್ದರು. ಕೆಂಪು ಮಖಮಲ್ಲು, ಸಿಂಹದ ಪಾದದ ಕಾಲು, ಎಡಗೈ ಮೇಲೆ ಯಾರೋ ಸಿಗರೇಟು ಒತ್ತಿದ ಕಲೆ, ನಡುವೆ ಸ್ಪ್ರಿಂಗು ತುಸು ಉಬ್ಬಿತ್ತು. ಜೋಪಾನಯ್ಯನ ಕಣ್ಣು ಅಭ್ಯಾಸಬಲದಿಂದ ಒಂದೇ ನೋಟದಲ್ಲಿ ಇಷ್ಟನ್ನೂ ದಾಖಲು ಮಾಡಿಕೊಂಡಿತು.

"ಇಲ್ಲಿ ಕೂತಿರಿ ಅತ್ತೆ. ಪಾತ್ರೆ ಬೀದಿಗೆ ಹೋಗಿ ರಬ್ಬರ್ ತಂದುಬಿಡ್ತೀನಿ. ಯಾರೇನೇ ಹೇಳ್ಲಿ, ನಾನು ಬರೋವರೆಗೂ ಈ ಸೋಫಾ ಬಿಟ್ಟು ಏಳ್ಬೇಡಿ."

"ಏಳಲ್ಲ, ಹೋಗಿ," ಎಂದರು ಅತ್ತೆ.

ಕುಕ್ಕರಿನ ರಬ್ಬರು ಕೊಳ್ಳುವುದು ಚಿಟಿಕೆ ಹೊಡೆಯುವಷ್ಟರ ಕೆಲಸ ಎಂದುಕೊಂಡಿದ್ದ. ಆದರೆ ಯಾವ ಅಳತೆ ಎಂದು ಅಂಗಡಿಯವರು ಕೇಳಿದರು. ಗೊತ್ತಿರಲಿಲ್ಲ. ಎರಡು ಕೈಯಿಂದ ಗಾಳಿಯಲ್ಲಿ ಮುಚ್ಚಳ ಮಾಡಿ ತೋರಿಸಿದ. ಅಂಗಡಿಯಿಂದ ಅಂಗಡಿಗೆ ಹೋಗುವಷ್ಟರಲ್ಲಿ ಆ ಮುಚ್ಚಳ ಹಿಗ್ಗುತ್ತಾ ಕುಗ್ಗುತ್ತಾ ಇತ್ತು. ಕೊನೆಗೆ ಒಬ್ಬ, ಇವನ ಕೈಯನ್ನು ಹಾಗೇ ಹಿಡಿದು ನಿಲ್ಲಿಸಿ, ಅದರೊಳಗೆ ಒಂದು ರಬ್ಬರು ಇಟ್ಟು ನೋಡಿ ಕೊಟ್ಟ. ಅದನ್ನು ಬಳೆಯಂತೆ ಮುಂಗೈಗೆ ತೂಗುಹಾಕಿಕೊಂಡು ಗೆಲುವಿನ ನಗೆ ನಗುತ್ತಾ ಜೋಪಾನಯ್ಯ ಮರಳಿದ.

ಅತ್ತೆ ಇರಲಿಲ್ಲ. ಸೋಫಾ ಕೂಡ ಇರಲಿಲ್ಲ. ಅವೆರಡೂ ಇದ್ದ ಜಾಗದಲ್ಲಿ ಒಂದು ಕನ್ನಡಿ ಬೀರು ನಿಂತಿತ್ತು, ಅದರಲ್ಲಿ ಬಾಯಿ ತೆರೆದ ಒಬ್ಬ ಮನುಷ್ಯ ಇದ್ದ. ಅದು ತಾನೇ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಇಲ್ಲಿದ್ದ ಸೋಫಾ?" ಎಂದು ಕೇಳಿದ ಅಂಗಡಿಯವನನ್ನು.

"ಮಾರಾಟ ಆಯ್ತು."

"ಅದರ ಮೇಲಿದ್ದ ನಮ್ಮತ್ತೆ?"

"ಓ, ಆ ಅಮ್ಮ ನಿಮ್ಮೋರಾ? ಏಳಿ ಅಂದೆ. ಅಳಿಯಂದ್ರು ಏಳ್ಬೇಡಿ ಅಂದಿದ್ದಾರೆ ಅಂದ್ರು. ಕೈಮುಗಿದು ಕೇಳ್ಕೊಂಡೆ. ನಿಮ್ಮ ಮೇಷ್ಟ್ರು ನಿಮಗೆ ಇದನ್ನೇ ಕಲಿಸಿದ್ದಾ ಅಂತ ನನ್ನನ್ನೇ ಬೈದ್ರು. ಸೋಫಾ ತಗೊಂಡೋಳು ಬ್ಯೂಟಿ ಪಾರ್ಲರಿನೋಳು, ಅವಳಿಗೆ ಅವಸರ. ಇರ್ಲಿ ಬಿಡಿ, ಕೂತೇ ಬರ್ಲಿ ಅಂತ ಗಾಡಿಗೆ ಹೇರಿಸಿಬಿಟ್ಟಳು."

"ಹೇರಿಸಿಬಿಟ್ಟಳು ಅಂದ್ರೆ?"

"ತಳ್ಳುಗಾಡಿ ಮೇಲೆ ಸೋಫಾ, ಸೋಫಾ ಮೇಲೆ ನಿಮ್ಮತ್ತೆ. ಪಾರ್ಲರ್ ಎಲ್ಲಿದೆಯೋ ನನಗೆ ಗೊತ್ತಿಲ್ಲ. ತರಕಾರಿ ಮಾರ್ಕೆಟ್ ಕಡೆ ಹೋದ್ರು."

ಅತ್ತೆ ಸಿಗದಿದ್ದರೆ ಹೆಂಡತಿಯ ಕೆಲಸದ ಮಾತು ಹಾಗಿರಲಿ, ಹೆಂಡತಿಯ ಮುಖ ನೋಡುವುದು ಹೇಗೆ? ಜೋಪಾನಯ್ಯ ಬಿದ್ದೆನೋ ಎದ್ದೆನೋ ಎಂದು ಓಡಿದ.

ತರಕಾರಿಯವಳನ್ನು ಕೇಳಿದರೆ ಅವಳ ಮುಖ ಅರಳಿತು. "ಸೋಫಾ ಅಮ್ಮನಾ? ಈಗಷ್ಟೇ ಹೋದ್ರು. ಮೇಲಿಂದಾನೇ ಬೀನ್ಸ್ ಮುರಿದು ನೋಡಿ, ನಾರು ಜಾಸ್ತಿ ಅಂತ ಬೆಲೆ ಇಳಿಸಿ ತಗೊಂಡ್ರು."

ಬ್ರೆಡ್ಡಿನ ಅಂಗಡಿಯವನು, "ಆಹಾ, ಅವರ ಗಾಡಿ ನಿಂತದ್ದಕ್ಕೆ ಜನ ಸೇರಿ ನನ್ನ ಬ್ರೆಡ್ಡೆಲ್ಲ ಖಾಲಿ ಆಯ್ತು. ನಾಳೆ ಮತ್ತೆ ಬರ್ತಾರಾ?" ಎಂದ.

ಹೂವಿನ ಕುಂಡದವನು ಬಲಕ್ಕೆ ಎಂದ, ಜೋಳದವನು ಎಡಕ್ಕೆ ಎಂದ. ಟ್ರಾಮ್ ಹಳಿ ದಾಟುವಾಗ ಗಂಟೆ ಬಾರಿಸಿದ ಚಾಲಕನಿಗೆ ಅತ್ತೆ ಶಿಸ್ತಿನ ಬಗ್ಗೆ ಎರಡು ಮಾತು ಹೇಳಿದ ಸುದ್ದಿಯೂ ಸಿಕ್ಕಿತು. ಇಡೀ ಹಳೇ ಬಡಾವಣೆಯನ್ನು ಅತ್ತೆ ಪಲ್ಲಕ್ಕಿಯಲ್ಲಿ ಕೂತು ಕಂಡಿದ್ದರು. ಜೋಪಾನಯ್ಯ ಅದನ್ನೆಲ್ಲ ಏದುಸಿರು ಬಿಡುತ್ತಾ, ಜನರ ಮೊಣಕೈಯಿಂದ ತಿವಿಸಿಕೊಳ್ಳುತ್ತಾ ಕಂಡ.

ಕೊನೆಗೆ ಒಂದು ಗಲ್ಲಿಯ ತುದಿಯಲ್ಲಿ, ಗುಲಾಬಿ ಪರದೆಯ ಹಿಂದೆ, ಆ ಸಿಂಹದ ಪಾದಗಳು ಕಂಡವು. ಪರದೆ ಸರಿಸಿ ಒಳನುಗ್ಗಿದ. ನುಗ್ಗಿದವನು ನಿಂತಲ್ಲೇ ಕಲ್ಲಾದ.

ಸೋಫಾದ ಮೇಲೆ ಮೂವರು ಹೆಂಗಸರು ಕೂತಿದ್ದರು. ಮೂವರ ತಲೆಗೂ ಬಿಳಿ ಟವೆಲಿನ ರುಮಾಲು. ಮೂವರಿಗೂ ಕೊರಳಿನಿಂದ ಪಾದದವರೆಗೆ ಬಿಳಿ ಹೊದಿಕೆ. ಮೂರು ಮುಖಕ್ಕೂ ಗೋಡೆಗೆ ಗಾರೆ ಮೆತ್ತಿದಂತೆ ಹಸಿರು ಲೇಪ, ಕಣ್ಣಿನ ಮೇಲೆ ಸೌತೆಕಾಯಿ ಬಿಲ್ಲೆ.

"ಗಂಡಸರು ಒಳಗೆ ಬರೋ ಹಾಗಿಲ್ಲ," ಎಂದಳು ಪಾರ್ಲರಿನವಳು, ಕೈಯಲ್ಲಿ ಲೇಪದ ಬಟ್ಟಲು ಹಿಡಿದು.

"ನಮ್ಮತ್ತೆ... ಸೋಫಾ ಜೊತೆ ಬಂದಿದ್ದಾರೆ. ಕರ್ಕೊಂಡು ಹೋಗೋಕೆ ಬಂದೆ."

"ಹೌದಾ? ಗುರುತು ಹೇಳಿ."

ಜೋಪಾನಯ್ಯನಿಗೆ ಎಲ್ಲೋ ಕೇಳಿದ ಮಾತು ಎನ್ನಿಸಿತು.

"ಕೆಂಪು ಮಖಮಲ್ಲು," ಎಂದ ಒಂದೇ ಉಸಿರಿಗೆ. "ಸಿಂಹದ ಕಾಲು, ಎಡಗೈ ಮೇಲೆ ಸಿಗರೇಟಿನ ಕಲೆ, ನಡುವೆ ಸ್ಪ್ರಿಂಗು..."

"ಸೋಫಾದ್ದಲ್ಲ ರೀ. ಸೋಫಾ ನಂದು, ದುಡ್ಡು ಕೊಟ್ಟಿದ್ದೀನಿ. ಅತ್ತೆ ಗುರುತು ಹೇಳಿ. ಇವತ್ತು ಯಾವ ಬಣ್ಣದ ಬಟ್ಟೆ ಉಟ್ಟಿದ್ರು?"

ಯೋಚಿಸಿದ. ಬೆಳಿಗ್ಗೆಯಿಂದ ಕಣ್ಣೆದುರಿಗೇ ಇದ್ದರು. ನೀಲಿಯೋ, ಹಸಿರೋ, ಯಾವುದೋ ಬಣ್ಣವಂತೂ ಇತ್ತು.

"ಎತ್ತರಾನಾ, ಗಿಡ್ಡಾನಾ?"

"ಸಾಧಾರಣ."

"ಕನ್ನಡಕ ಉಂಟಾ?"

"ಇರ್ಬೇಕು. ಓದುವಾಗ ಹಾಕೋತಾರೆ. ಅಥವಾ ಅದು ನಮ್ಮಮ್ಮನೋ..." ತಡವರಿಸಿದ ಜೋಪಾನಯ್ಯ ತನ್ನ ಕನ್ನಡಕ ತೆಗೆದು ಒರೆಸತೊಡಗಿದ.

"ಬಂದೋರೆಲ್ಲ ನಮ್ಮತ್ತೆ ಅಂದ್ರೆ ಕೊಟ್ಟುಬಿಡೋಕಾಗುತ್ತಾ?" ಎಂದಳು ಅವಳು. "ಸರಿ, ಮೂವರಲ್ಲಿ ಯಾರು ಅಂತ ತೋರಿಸಿ."

ಮೂರು ಹಸಿರು ಮುಖಗಳನ್ನೂ ನೋಡಿದ. ಯಾವುದೂ ಮಿಸುಕಲಿಲ್ಲ. ದೇವರ ಮೇಲೆ ಭಾರ ಹಾಕಿ ನಡುವಿನವರ ಮುಂದೆ ಬಾಗಿದ.

"ಅತ್ತೆ, ನಡೀರಿ, ಮನೆಗೆ ಹೋಗೋಣ."

"ಅತ್ತೆನಾ?" ಎಂದಿತು ಆ ಹಸಿರು ಮುಖ. "ನನಗಿನ್ನೂ ಮದುವೇನೇ ಆಗಿಲ್ಲ."

ಎಡಗಡೆಯ ಮುಖದ ಸೌತೆಕಾಯಿ ಬಿಲ್ಲೆಯೊಂದು ಮೇಲೆದ್ದಿತು. ಕೆಳಗಿನ ಕಣ್ಣು ಅವನನ್ನು ಕೊನೆ ಬೆಂಚಿನ ಹುಡುಗನನ್ನು ನೋಡುವ ಹಾಗೆ ನೋಡಿತು.

"ಬಿಡಮ್ಮಾ, ಅವರಿಗೆ ಆಗಲ್ಲ," ಎಂದರು ಅತ್ತೆ. "ನಾನೇ ಅವರ ಗುರುತು ಹೇಳ್ತೀನಿ, ಸರಿಯಾಗಿದೆಯಾ ನೋಡ್ಕೋ. ಎಡಗಿವಿ ಹಿಂದೆ ಮಚ್ಚೆ. ಅಂಗಿಯ ಕೆಳಗಿನ ಗುಂಡಿಗೆ ನೀಲಿ ದಾರ, ಮಿಕ್ಕಿದ್ದಕ್ಕೆಲ್ಲ ಬಿಳಿ. ಬಲಗಾಲಿನ ಬೂಟಿನ ಲೇಸು ಬಿಚ್ಚಿರುತ್ತೆ. ಗಾಬರಿಯಾದ್ರೆ ಕನ್ನಡಕ ಒರೆಸ್ತಾರೆ."

ಪಾರ್ಲರಿನವಳು ಬಟ್ಟಲು ಕೆಳಗಿಟ್ಟು, ಜೋಪಾನಯ್ಯನ ಕಿವಿ ಮಡಿಸಿ ನೋಡಿದಳು. ಗುಂಡಿ ನೋಡಿದಳು. ಬೂಟು ನೋಡಿದಳು.

"ಎಲ್ಲಾ ಸರಿಯಾಗಿದೆ ಅಮ್ಮ. ನಿಮ್ಮೋರೇ."

"ನಮ್ಮೋರೇ. ಆಗಿನಿಂದ ಕಾಣೆಯಾಗಿದ್ರು. ನಾನಂತೂ ಹೇಳಿದ ಜಾಗದಿಂದ ಕದಲಿಲ್ಲಪ್ಪ." ಅತ್ತೆ ಬಿಲ್ಲೆಯನ್ನು ಮತ್ತೆ ಕಣ್ಣಿನ ಮೇಲಿಟ್ಟುಕೊಂಡರು. "ಅಲ್ಲೇ ಹೊರಗಡೆ ಸ್ಟೂಲಿನ ಮೇಲೆ ಕೂತಿರಿ ಅಳಿಯಂದ್ರೇ. ಇದು ಒಣಗ್ಬೇಕು. ನಾನು ಬರೋವರೆಗೂ ಏಳ್ಬೇಡಿ."

ಜೋಪಾನಯ್ಯ ಕೂತ. ಏಳಲಿಲ್ಲ.

ಲೇಪ ತೊಳೆದ ಅತ್ತೆಯ ಮುಖ ಫಳಫಳ ಹೊಳೆಯುತ್ತಿತ್ತು. ಉಟ್ಟದ್ದು ಹಳದಿ. ಕನ್ನಡಕ ಮೂಗಿನ ಮೇಲೇ ಇತ್ತು. ಅವನು ಅವನ್ನೆಲ್ಲ ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಾ ನಡೆದ. ದಾರಿಯುದ್ದಕ್ಕೂ ಅಂಗಡಿಯವರು ಅತ್ತೆಗೆ ನಮಸ್ಕಾರ ಹೇಳಿದರು. ಸೇತುವೆ ಹತ್ತುವಾಗ ಅತ್ತೆ ಅವನ ಕೈ ಹಿಡಿದುಕೊಂಡರು. ಮಂಡಿನೋವಿಗೆ ಇರಬೇಕು ಎಂದು ಅವನು ಸಮಾಧಾನ ಮಾಡಿಕೊಂಡ.

ಮನೆಯಲ್ಲಿ ಹೆಂಡತಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕಾಯುತ್ತಿದ್ದಳು.

"ಕುಕ್ಕರಿನ ರಬ್ಬರ್ ಎಲ್ಲಿ ರೀ?"

ಜೋಪಾನಯ್ಯ ಮುಂಗೈ ನೋಡಿಕೊಂಡ. ಓಡುವ ಭರದಲ್ಲಿ ಅದು ಎಲ್ಲಿ ಉದುರಿತ್ತೋ, ಆ ಬಡಾವಣೆಗೇ ಗೊತ್ತು. ಅತ್ತೆ ಚೀಲಕ್ಕೆ ಕೈ ಹಾಕಿ, ಬೀನ್ಸಿನ ಅಡಿಯಿಂದ ಒಂದು ಹೊಸ ರಬ್ಬರು ತೆಗೆದು ಮಗಳ ಕೈಗಿಟ್ಟರು. ಗಾಡಿ ಪಾತ್ರೆಯಂಗಡಿಯ ಮುಂದೆ ನಿಂತಿದ್ದಾಗ ಕೊಂಡದ್ದಂತೆ. ಅಳತೆ ಸರಿಯಾಗಿ ಕೂತಿತು.

"ಇನ್ನೇನೂ ಕಳೀಲಿಲ್ಲ ತಾನೆ?" ಎಂದಳು ಹೆಂಡತಿ, ಗಂಡನ ಮುಖ ನೋಡಿ ಅನುಮಾನಪಡುತ್ತಾ.

"ಒಂದು ಕಳೆದಿತ್ತು," ಎಂದರು ಅತ್ತೆ. "ಗುರುತು ಹೇಳಿ ಬಿಡಿಸ್ಕೊಂಡು ಬಂದೆ."

ಹೆಂಡತಿಗೆ ಅರ್ಥವಾಗಲಿಲ್ಲ. ಅವಳ ತಲೆಯಲ್ಲಿದ್ದದ್ದು ಮರುದಿನದ ಕೆಲಸ. ಅಂಜುತ್ತಲೇ ಕೇಳಿದಳು, "ಅಮ್ಮಾ, ಉಳ್ಕೋತೀಯಾ? ಇವಳನ್ನ ನೋಡ್ಕೊಳ್ಳೋಕೆ ಕಷ್ಟ ಆಗಲ್ಲ ತಾನೆ?"

"ಉಳ್ಕೊಳ್ಳದೆ ಏನು ಮಾಡ್ಲಿ?" ಅತ್ತೆ ಕೂಸನ್ನು ಎತ್ತಿಕೊಂಡು ಅಳಿಯನ ಕಡೆ ತಿರುಗಿದರು. "ಇವಳದ್ದೇನೂ ಯೋಚನೆ ಇಲ್ಲ. ಇಟ್ಟಲ್ಲೇ ಇರ್ತಾಳೆ."