ಎಂಟು ವಾರದ್ದು ಎಂಟೇ ದಿನಕ್ಕೆ

"ಇನ್ನು ಮೇಲೆ ನನ್ನ ಔಷಧಿಯ ಉಸಾಬರಿ ನನ್ನದು. ಯಾರೂ ತಲೆ ಹಾಕಕೂಡದು" ಎಂದು ನಾನು ಊಟದ ಮೇಜಿನ ಮುಂದೆ ಘೋಷಿಸಿದೆ. ಮನೆಯಲ್ಲಿ ತಲೆ ಹಾಕಬಲ್ಲವಳು ಒಬ್ಬಳೇ. ಅವಳು ನನ್ನ ಹೆಂಡತಿ, ಶಾಲೆಯಲ್ಲಿ ಗಣಿತದ ಟೀಚರು.

"ಚೀಟಿ ನನ್ನ ಹತ್ತಿರ ಇರಲಿ. ನೀವು ಮರೀತೀರಿ" ಎಂದಳು.

"ನಾನಾ? ಮೂವತ್ತು ವರ್ಷದಿಂದ ಗಡಿಯಾರ ರಿಪೇರಿ ಮಾಡ್ತಿದ್ದೀನಿ. ಸಾಸಿವೆ ಕಾಳಿನಷ್ಟು ಸ್ಕ್ರೂ ಒಂದನ್ನೂ ಕಳೆದವನಲ್ಲ. ಎರಡು ಮಾತ್ರೆ ಇಟ್ಕೊಳ್ಳೋದಕ್ಕೆ ಆಗಲ್ವಾ?"

ಅವಳು ಚೀಟಿಯನ್ನು ನನ್ನ ಕಡೆ ತಳ್ಳಿದಳು. ಅಷ್ಟು ಸುಲಭವಾಗಿ ಬಿಟ್ಟುಕೊಟ್ಟಾಗಲೇ ನನಗೆ ಅನುಮಾನ ಬರಬೇಕಿತ್ತು.

ಔಷಧಿ ಬಂದ ಕಾರಣ ಇಷ್ಟು. ಹಿಂದಿನ ವಾರ ಅಂಗಡಿಯಲ್ಲಿ ಗೋಡೆ ಗಡಿಯಾರ ಇಳಿಸಲು ಸ್ಟೂಲು ಹತ್ತಿ, ಗಡಿಯಾರಕ್ಕಿಂತ ಮೊದಲು ನಾನೇ ಇಳಿದಿದ್ದೆ. ಡಾಕ್ಟರಮ್ಮ ಎಕ್ಸ್‌ರೇ ತೆಗೆಸಿ, ರಕ್ತ ಪರೀಕ್ಷೆ ಮಾಡಿಸಿ, ಕನ್ನಡಕದ ಮೇಲಿಂದ ನೋಡಿದರು.

"ಮೂಳೆ ಮುರಿದಿಲ್ಲ, ನಿಮ್ಮ ಅದೃಷ್ಟ. ಆದರೆ ವಿಟಮಿನ್ ಡಿ ತಳ ಕಂಡಿದೆ. ಬಿಸಿಲಿಗೆ ಹೋಗ್ತೀರಾ?"

"ನನ್ನ ಅಂಗಡಿ ಮೆಟ್ಟಿಲ ಕೆಳಗಿದೆ ಮೇಡಂ. ಬಿಸಿಲು ಅಲ್ಲಿವರೆಗೂ ಬರಲ್ಲ, ನಾನೂ ಬಿಸಿಲಿನವರೆಗೆ ಹೋಗಲ್ಲ."

"ಅದೇ ನೋಡಿ. ಡಿ ಇಲ್ಲದಿದ್ದರೆ ನೀವು ಎಷ್ಟು ಕ್ಯಾಲ್ಸಿಯಂ ತಿಂದರೂ ಕರುಳು ಅದನ್ನ ಸರಿಯಾಗಿ ಒಳಗೆ ತಗೊಳಲ್ಲ. ಮೂಳೆಗೆ ಸೇರಬೇಕಾದ್ದು ಬಂದ ದಾರಿ ಹಿಡಿದು ಹೋಗುತ್ತೆ." ಹೀಗೆಂದು ಎರಡು ಔಷಧಿ ಬರೆದರು. ದಿನಕ್ಕೊಂದು ಕ್ಯಾಲ್ಸಿಯಂ ಮಾತ್ರೆ. ವಾರಕ್ಕೊಂದರಂತೆ ಎಂಟು ವಾರ ವಿಟಮಿನ್ ಡಿ ಕ್ಯಾಪ್ಸೂಲು.

ಮನೆಗೆ ಬಂದವನೇ ಅಂಗಡಿಯಿಂದ ತಂದಿದ್ದ ಎರಡು ಪುಟ್ಟ ಡಬ್ಬಿಗಳನ್ನು ಒರೆಸಿ, ಒಂದರ ಮುಚ್ಚಳಕ್ಕೆ 'ದಿನ', ಇನ್ನೊಂದರ ಮುಚ್ಚಳಕ್ಕೆ 'ವಾರ' ಎಂದು ಚೀಟಿ ಅಂಟಿಸಿದೆ. ಮಾತ್ರೆಗಳನ್ನೆಲ್ಲ ಕವಚದಿಂದ ಬಿಡಿಸಿ ತುಂಬಿದೆ. ಮುಚ್ಚಳ ಹಾಕುವಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು. ಯಾರೋ ಗಿರಾಕಿ. ಅವನನ್ನು ಕಳಿಸಿ ಬಂದು, ಡಬ್ಬಿಗಳಿಗೆ ಮುಚ್ಚಳ ಒತ್ತಿ ಕಪಾಟಿನಲ್ಲಿಟ್ಟೆ. ಕೆಲಸ ಅಚ್ಚುಕಟ್ಟು.

ಮೊದಲ ಮೂರು ದಿನ ನನ್ನ ಹುರುಪು ನೋಡಬೇಕಿತ್ತು. ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ. "ಮಂಡಿ ನೋಡು, ಉಕ್ಕು" ಎಂದು ಹೆಂಡತಿಗೆ ತಟ್ಟಿ ತೋರಿಸಿದೆ. ಐದನೆಯ ದಿನಕ್ಕೆ ಹಸಿವು ಸತ್ತಿತು. ಏಳನೆಯ ದಿನಕ್ಕೆ ಹೊಟ್ಟೆ ಕಟ್ಟಿಕೊಂಡು, ಕೊಡಗಟ್ಟಲೆ ನೀರು ಕುಡಿಯುವಷ್ಟು ಬಾಯಾರಿಕೆ.

"ಮುಖ ಯಾಕೋ ಬಾಡಿದೆ" ಎಂದಳು ಹೆಂಡತಿ.

"ಔಷಧಿ ಕೆಲಸ ಮಾಡ್ತಿದೆ. ಒಳಗೆ ರಿಪೇರಿ ನಡೆಯುವಾಗ ಹೊರಗೆ ಸ್ವಲ್ಪ ಧೂಳು ಏಳುತ್ತೆ."

ಒಂಬತ್ತನೆಯ ಬೆಳಿಗ್ಗೆ 'ದಿನ' ಡಬ್ಬಿ ತೆರೆದರೆ ಖಾಲಿ. ತಿಂಗಳಿಗೆಂದು ಕೊಟ್ಟ ಮಾತ್ರೆ ಎಂಟೇ ದಿನಕ್ಕೆ ಮುಗಿಯುವುದೆಂದರೇನು? ಔಷಧಿ ಅಂಗಡಿಯವನು ಎಣಿಕೆಯಲ್ಲಿ ಮೋಸ ಮಾಡಿದ್ದಾನೆ. ನನ್ನ ರಕ್ತ ಕುದಿಯಿತು. ಎರಡೂ ಡಬ್ಬಿ ಜೇಬಿಗೆ ಹಾಕಿಕೊಂಡು ಹೊರಟೆ. ಶಾಲೆಗೆ ಹೊರಟಿದ್ದ ಹೆಂಡತಿಯೂ ಜೊತೆಗೆ ಬಂದಳು, ನನ್ನ ಜಗಳಕ್ಕೆ ಸಾಕ್ಷಿ ಬೇಕಲ್ಲ.

"ಏನಪ್ಪಾ, ಮೂವತ್ತು ಮಾತ್ರೆ ಅಂತ ಹೇಳಿ ಎಂಟು ಕೊಟ್ಟಿದ್ದೀಯಲ್ಲ" ಎಂದು ಖಾಲಿ ಡಬ್ಬಿಯನ್ನು ಗಾಜಿನ ಮೇಲೆ ಕುಕ್ಕಿದೆ. ಕೆಮ್ಮಿನ ಔಷಧಿಗೆ ಬಂದಿದ್ದ ಹೆಂಗಸು ತಿರುಗಿ ನೋಡಿದಳು.

ಅಂಗಡಿಯವನು ನನ್ನಿಂದ 'ವಾರ' ಡಬ್ಬಿಯನ್ನೂ ಇಸಕೊಂಡು ತೆರೆದ. ಅಂಗೈಗೆ ಸುರಿದುಕೊಂಡು ಎಣಿಸಿದ. ದಪ್ಪ ಬಿಳಿ ಮಾತ್ರೆಗಳು, ಇಪ್ಪತ್ತೆಂಟು.

"ಯಜಮಾನರೇ, ಕ್ಯಾಲ್ಸಿಯಂ ಇಲ್ಲೇ ಇದೆ. ಎರಡು ಮಾತ್ರ ಖರ್ಚಾಗಿದೆ." ಅವನ ದನಿ ತಗ್ಗಿತು. "ಹಾಗಾದ್ರೆ ಆ ಎಂಟು ಕ್ಯಾಪ್ಸೂಲು..."

"ದಿನಾ ಬೆಳಿಗ್ಗೆ ಒಂದೊಂದು" ಎಂದೆ. ಹೇಳುತ್ತಿದ್ದ ಹಾಗೇ, ಅವತ್ತು ಗಿರಾಕಿ ಬಂದ ಗಡಿಬಿಡಿಯಲ್ಲಿ ಮುಚ್ಚಳಗಳು ಅದಲು ಬದಲಾಗಿದ್ದು ಹೊಳೆಯಿತು.

ಕೆಮ್ಮಿನ ಹೆಂಗಸು ಕೆಮ್ಮುವುದನ್ನೇ ಮರೆತಳು. ಅಂಗಡಿಯವನು ಡಾಕ್ಟರಮ್ಮನಿಗೆ ಫೋನು ಮಾಡತೊಡಗಿದ.

"ಒಂದರಲ್ಲಿ ಅರವತ್ತು ಸಾವಿರ ಯೂನಿಟ್ಟು" ಎಂದಳು ಹೆಂಡತಿ. ಅವಳು ಎದೆ ಒಡೆದಾಗಲೂ ಲೆಕ್ಕ ಬಿಡುವವಳಲ್ಲ. "ಎಂಟಕ್ಕೆ ನಾಲ್ಕು ಲಕ್ಷದ ಎಂಬತ್ತು ಸಾವಿರ." ಆಮೇಲೆ ಅವಳ ಕೈ ನನ್ನ ತೋಳು ಹಿಡಿಯಿತು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅವಳು ನಾಲ್ಕು ಜನರ ಮುಂದೆ ಹೀಗೆ ಹಿಡಿದವಳಲ್ಲ. ನನಗೆ ನಿಜವಾಗಿ ಭಯವಾದದ್ದು ಆಗ.

"ಡಿ ಅಂದ್ರೆ ದಿನ ಅಂತ ಅಂದ್ಕೊಂಡೆ ಅನ್ಸುತ್ತೆ" ಎಂದು ನಗಿಸಲು ನೋಡಿದೆ.

"ಡಿ ಅಂದ್ರೆ ದಡ್ಡ. ಮಾತಾಡದೆ ಆಟೋ ಹತ್ತಿ" ಎಂದಳು.

ಅವತ್ತೇ ಮತ್ತೆ ರಕ್ತ ತೆಗೆದರು. ಫಲಿತಾಂಶ ಬರುವ ತನಕ ಆಸ್ಪತ್ರೆಯ ಬೆಂಚಿನ ಮೇಲೆ ನಾವಿಬ್ಬರೂ ಕಾದು ಕೂತೆವು. ಕೊನೆಗೆ ಡಾಕ್ಟರಮ್ಮ ಕಾಗದ ಹಿಡಿದು ಕರೆದರು.

"ಡಿ ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತೆ. ನಿಮ್ಮದು ಮೇಲಿನ ಗಡಿಯನ್ನ ಚೂರು ದಾಟಿದೆ, ಅಷ್ಟೇ. ಕ್ಯಾಲ್ಸಿಯಂ ಮಾತ್ರೆಯನ್ನೂ ದಿನಾ ನುಂಗಿದ್ದರೆ ಇನ್ನೂ ಏರುತ್ತಿತ್ತೋ ಏನೋ. ಒಂದು ತಪ್ಪಿಗೆ ಇನ್ನೊಂದು ತಪ್ಪು ಅಡ್ಡ ಬಂದಿದೆ. ಎರಡನ್ನೂ ನಿಲ್ಲಿಸಿ. ಚೆನ್ನಾಗಿ ನೀರು ಕುಡೀರಿ. ಎರಡು ವಾರ ಬಿಟ್ಟು ಬನ್ನಿ." ನಂತರ ಹೆಂಡತಿಯ ಕಡೆ ತಿರುಗಿ, "ವಾರ ಅಂದ್ರೆ ಏಳು ದಿನ ಅಂತ ನೀವೇ ನೆನಪಿಸಿ" ಎಂದರು.

ಎರಡು ವಾರ ಕಳೆದು ಹೋದಾಗ ಮೈ ಹಗುರಾಗಿತ್ತು, ಹಸಿವು ಮರಳಿತ್ತು. ಕಾಯುವ ಕೋಣೆಯ ಗೋಡೆ ಮೇಲೆ ಹೊಸ ಕಾಗದವೊಂದನ್ನು ಅಂಟಿಸಿದ್ದರು. ದಪ್ಪ ಕೆಂಪು ಅಕ್ಷರ: 'ವಾರಕ್ಕೊಂದು ಎಂದು ಬರೆದಿದ್ದನ್ನು ದಯವಿಟ್ಟು ದಿನಕ್ಕೊಂದು ನುಂಗಬೇಡಿ.'

ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಓದಿ ನಕ್ಕರು. "ಯಾವನೋ ಪುಣ್ಯಾತ್ಮ ನುಂಗಿರಬೇಕು ನೋಡಿ. ಇಲ್ಲದಿದ್ದರೆ ಹೀಗೆ ಬರೀತಾರಾ?"

"ಇರ್ತಾರೆ ಸಾರ್ ಅಂಥವರು" ಎಂದೆ ನಾನು, ತುಂಬಾ ವಿಷಾದದಿಂದ. "ಓದು ಬರಹ ಬಂದವರೇ ಹೀಗೆ ಮಾಡೋದು."

ಆಗ ಒಳಗಿನ ಬಾಗಿಲು ತೆರೆಯಿತು. ನರ್ಸಮ್ಮ ಕೈಯಲ್ಲಿದ್ದ ಹಾಳೆ ನೋಡಿ, ಇಡೀ ಕೋಣೆಗೆ ಕೇಳುವ ಹಾಗೆ ಕೂಗಿದರು. "ದಿನಕ್ಕೊಂದು ನುಂಗಿದವರು ಯಾರು? ಒಳಗೆ ಬನ್ನಿ."

ನಾನು ಕೂತಲ್ಲೇ ಕಲ್ಲಾದೆ. ಆದರೆ ನನ್ನ ಬಲಗೈ ಮಾತ್ರ ಎಲ್ಲರಿಗೂ ಕಾಣುವಂತೆ ಮೇಲೆದ್ದಿತ್ತು. ಎತ್ತಿ ಹಿಡಿದಿದ್ದವಳು ನನ್ನ ಹೆಂಡತಿ.