ನನ್ನ ಕಾರು ಧರಣಿ ಕೂತ ಕತೆ

ಊರಿಗೆ ಬುದ್ಧಿ ಹೇಳಲು ಹೊರಟವನ ಮಾನ ಕಳೆಯಲು ಊರೇ ಬೇಕೆಂದಿಲ್ಲ, ಅವನ ಕಾರೊಂದು ಸಾಕು. ನನಗಂತೂ ಇದು ಆಗುತ್ತಲೇ ಇರುತ್ತದೆ.

ನನ್ನದು ಅಪ್ಪನ ಕಾಲದ ದುಂಡು ಮೂತಿಯ ಕಾರು. ತಲೆಯ ಮೇಲೆ ಧ್ವನಿವರ್ಧಕ, ಬಾಗಿಲ ಮೇಲೆ ‘ರಸ್ತೆ ಕೊಡಿ, ಇಲ್ಲ ಕುರ್ಚಿ ಬಿಡಿ’ ಎಂಬ ಕೆಂಪಕ್ಷರ. ಕಳೆದ ಸಲ ರಸ್ತೆಗುಂಡಿಗಳ ವಿರುದ್ಧ ಶಿರಸಿಯಲ್ಲಿ ಮೆರವಣಿಗೆ ತೆಗೆದಾಗ ಅದು ಅರ್ಧ ದಾರಿಯಲ್ಲಿ ಹೊಗೆ ಉಗುಳಿ ಸತ್ತಿತು. ಜನ ನಕ್ಕರು, ಚಹಾ ಕುಡಿದರು, ಮನೆಗೆ ಹೋದರು. ಲೋಕೋಪಯೋಗಿ ಕಚೇರಿಯ ಸಾಹೇಬರು ಮಹಡಿಯಿಂದ ಒಮ್ಮೆ ನೋಡಿ ಕಿಟಕಿ ಹಾಕಿಕೊಂಡರು. ಆ ಕಿಟಕಿಯ ಸಿಟ್ಟಿಗೇ ನಾನು ಇಂಜಿನ್ ಪೂರ್ತಿ ಬಿಚ್ಚಿಸಿ ಹೊಸದಾಗಿ ಕಟ್ಟಿಸಿದ್ದು. ಈ ಸಲ ಕಾರು ಗೇಟಿನವರೆಗೆ ಹೋಗಬೇಕು, ಸಾಹೇಬರು ಕೆಳಗಿಳಿದು ಬರಬೇಕು. ನನ್ನ ಹಟ ಇಷ್ಟೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪೆಟ್ರೋಲ್ ಬಂಕಿಗೆ ನಾನು ಹೋಗುವುದಿಲ್ಲ. ದರದ ಫಲಕ ಕಂಡರೆ ಜಗಳ ತೆಗೆಯುತ್ತೇನೆ. ಆ ಖಾತೆ ನನ್ನ ಹೆಂಡತಿಯ ಅಣ್ಣನದು. ಭಾವ ಬಹಳ ಜಾಗ್ರತೆಯ ಮನುಷ್ಯ.

೧. ನಡಿಗೆಯ ಇಂಜಿನ್

ಶಿರಸಿಯ ಮೇಸ್ತ್ರಿ ಇಂಜಿನ್ ಕಟ್ಟಿ ಮುಗಿಸಿ, ಉದ್ದ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಇಂಜಿನ್ನಿಗೆ, ಇನ್ನೊಂದನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದ. ದೊಡ್ಡ ಡಾಕ್ಟರೂ ಇಷ್ಟು ಗಂಭೀರವಾಗಿ ಎದೆ ಕೇಳುವುದಿಲ್ಲ.

“ಪಿಕಪ್ ಹೆಂಗಿದೆ ನೋಡಿ ಸರ್, ಹಾರ್‍ತದೆ!”

“ಹಾರೋದು ಬೇಡ ಮಾರಾಯಾ. ಮೆರವಣಿಗೆ ಮುಂದೆ ಜನರ ನಡಿಗೆಯಲ್ಲಿ ಹೋಗಬೇಕು. ಕೆಡದ ಹಾಗೆ, ನಿಧಾನಕ್ಕೆ.”

ಆತನಿಗೆ ಅವಮಾನವಾಯಿತು. “ನಾನು ಓಡೋದಕ್ಕೆ ಇಂಜಿನ್ ಕಟ್ತೇನೆ ಸರ್. ನಡಿಯೋದಕ್ಕೆ ಬೇಕಾದ್ರೆ ಎಮ್ಮೆ ಕಟ್ಕೊಳ್ಳಿ.”

ಆದರೂ ಕಾರ್ಬುರೇಟರಿನ ತಿರುಪು ತಿರುಗಿಸಿ ಕೊಟ್ಟ. ಕಾರು ಊರು ದಾಟುವ ಮೊದಲೇ ಕೆಮ್ಮಿ ನಿಂತಿತು. ನಾನು ನಡೆದು ಹೋಗಿ ಆತನನ್ನು ಬೈದು ಎಳೆದು ತಂದೆ. ಆತ ಬಂದು ಕೀಲಿ ತಿರುಗಿಸಿದ. ಗಾಡಿ ಸರಾಗ ಶುರುವಾಯಿತು.

“ಗಾಡಿಯಲ್ಲಿ ಏನೂ ಇಲ್ಲ ಸರ್,” ಎಂದು ನನ್ನನ್ನೇ ಮೇಲಿಂದ ಕೆಳಗೆ ನೋಡಿದ. “ನೀವು ಕೂತ್ರೆ ಮಾತ್ರ ನಿಲ್ತದೆ.”

೨. ಸನ್ಮಾನದ ಶಾಲು

ಗಾಡಿಯ ಪರೀಕ್ಷೆಗೆಂದು ನಾನೂ ಭಾವನೂ ಸಿದ್ದಾಪುರದ ಕಡೆ ಹೊರಟೆವು. ಮತ್ತೆ ಕೆಮ್ಮು, ಮತ್ತೆ ಮೌನ. ನಮ್ಮಲ್ಲಿ ಗ್ರಾಮಸಭೆಗೆ ಡಂಗುರ ಹೊಡೆದರೂ ಜನ ಸೇರುವುದಿಲ್ಲ. ಕಾರಿನ ಬಾನೆಟ್ ಎತ್ತಿ ನೋಡಿ, ಕ್ಷಣದಲ್ಲಿ ಕೋರಂ.

ಒಬ್ಬರು ಪ್ಲಗ್ ಅಂದರು. ಒಬ್ಬರು ಟೈಮಿಂಗ್ ಅಂದರು. ಸ್ಕೂಟರಿನಲ್ಲಿ ಬಂದ ನಿವೃತ್ತ ಮಾಸ್ತರು ಎಲ್ಲರನ್ನೂ ಸುಮ್ಮನಾಗಿಸಿ ತೀರ್ಪು ಕೊಟ್ಟರು: “ಇಂಜಿನ್ನಿನ ಪೆಟ್ರೋಲ್ ಪಂಪ್ ಬಿಸಿಯಾಗಿದೆ. ಒದ್ದೆ ಬಟ್ಟೆ ಹಾಕಿ ಅರ್ಧ ಗಂಟೆ ಬಿಡಿ.”

ಬಟ್ಟೆ ಎಲ್ಲಿಂದ ತರೋಣ? ಹಿಂದಿನ ಸೀಟಿನಲ್ಲಿ ಒಂದು ಶಾಲಿತ್ತು. ಒಂದು ವರ್ಷ ನಾನು ಸಿಕ್ಕಾಪಟ್ಟೆ ಕೂಗಾಡುತ್ತಿದ್ದಾಗ ಮುಖಂಡರೊಬ್ಬರು ವೇದಿಕೆಗೆ ಕರೆದು ಹೊದೆಸಿದ್ದು. ಅದನ್ನೇ ನೀರಲ್ಲಿ ಅದ್ದಿ ಪಂಪಿಗೆ ಸುತ್ತಿದೆವು. ಅರ್ಧ ಗಂಟೆಯಾಯಿತು, ಕಾರು ಶುರುವಾಯಿತು. ಮಾಸ್ತರು ಮೀಸೆ ತೀಡಿದರು. ಎರಡು ತಿರುವು ದಾಟುವಷ್ಟರಲ್ಲಿ ಮತ್ತೆ ನಿಂತಿತು, ಅಷ್ಟರಲ್ಲಿ ಮಾಸ್ತರು ಹೋಗಿಯಾಗಿತ್ತು.

ಆಮೇಲೆ ಗೊತ್ತಾಯಿತು. ಯಾರು ಏನೇ ಮಾಡಲಿ, ಅರ್ಧ ಗಂಟೆ ಬಿಟ್ಟರೆ ಕಾರು ಶುರುವಾಗುತ್ತಿತ್ತು. ಹಾಗಾಗಿ ಕೈ ಹಾಕಿದವರೆಲ್ಲ ಪಂಡಿತರಾದರು. ಶಾಲಿನದೂ ಅದೇ ಕತೆ. ಒಬ್ಬರು ಅದರಿಂದ ನನ್ನನ್ನು ತಣ್ಣಗೆ ಮಾಡಲು ನೋಡಿದರು, ಇನ್ನೊಬ್ಬರು ಪಂಪನ್ನು. ನಾನೂ ತಣ್ಣಗಾಗಲಿಲ್ಲ, ಪಂಪೂ ತಣ್ಣಗಾಗಲಿಲ್ಲ.

೩. ಹೋರಾಟ ಸಮಿತಿಯ ತುರ್ತು ಸಭೆ

ಮೆರವಣಿಗೆಯ ಹಿಂದಿನ ದಿನ ಸಮಿತಿ ಸೇರಿತು. ರಸ್ತೆಯ ವಿಷಯ ಮಾತಾಡಲು ಬಂದವರು ಕಾರಿನ ವಿಷಯದಲ್ಲೇ ಹೊತ್ತು ಕಳೆದರು. ಬನವಾಸಿ ಕಡೆಯ ಗೆಳೆಯ ಕೊನೆಗೆ ಎದ್ದು ನಿಂತ.

“ಅಣ್ಣಾರ, ಮೊದ್ಲು ಬಾಗಿಲ ಮ್ಯಾಲಿನ ಬರಹ ಅಳಸ್ರಿ.”

“ಯಾಕೆ? ಸರ್ಕಾರ ಹೆದರಿತೇ?”

“ಸರ್ಕಾರ ಎಲ್ಲಿ ಹೆದರ್ತೈತ್ರಿ? ಅದನ್ನ ಓದಿ ಇಂಜಿನ್ ಹೆದರೈತಿ!”

೪. ಗೇಟಿನೆದುರು

ಮೆರವಣಿಗೆ ಹೊರಟಿತು. ನಾನು ಸ್ಟಿಯರಿಂಗ್ ಹಿಡಿದು, ಭಾವ ಪಕ್ಕದಲ್ಲಿ ಮೈಕ್ ಹಿಡಿದು. ಕಾರು ಸುಸೂತ್ರವಾಗಿ ನಡೆಯಿತು. ಕಚೇರಿಯ ಗೇಟು ಕಂಡಿತು. ಎದೆ ಉಬ್ಬಿತು. ಸರಿಯಾಗಿ ಗೇಟಿನ ಬಾಯಲ್ಲಿ, ಎಮ್ಮೆ ಮಲಗುವಷ್ಟು ದೊಡ್ಡ ಗುಂಡಿಗೆ ಮುಂದಿನ ಚಕ್ರ ಇಳಿಯಿತು. ಕಾರು ಕೆಮ್ಮಿತು. ಸತ್ತಿತು.

ಜನ ನಗಲು ಶುರು ಮಾಡಿದರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಅಷ್ಟರಲ್ಲಿ ಒಳಗಿಂದ ಸಾಹೇಬರ ಕಾರು ಹಾರ್ನ್ ಹೊಡೆಯಿತು. ಯಾರೋ ದೊಡ್ಡವರ ಸ್ವಾಗತಕ್ಕೆ ಅವರು ಹೋಗಲೇಬೇಕಿತ್ತು. ಇರುವುದೊಂದೇ ಗೇಟು. ಗೇಟಿನಲ್ಲಿ ನಾನು.

ಪೊಲೀಸರು ತಳ್ಳಿದರು. ಗುಮಾಸ್ತರು ತಳ್ಳಿದರು. ಚಕ್ರ ಗುಂಡಿ ಬಿಟ್ಟು ಏಳಲಿಲ್ಲ. ಕೊನೆಗೆ ಸಾಹೇಬರೇ ಇಳಿದು ಬಂದರು, ಪ್ಯಾಂಟು ಎತ್ತಿ ಹಿಡಿದುಕೊಂಡು.

“ತೆಗೀರಿ ಇದನ್ನ!”

“ಗುಂಡಿ ಬಿಡ್ತಾ ಇಲ್ಲ ಸಾಹೇಬ್ರೆ. ನಮ್ಮನ್ನೂ ಬಿಟ್ಟಿಲ್ಲ.”

ಅವರು ಫೋನಿನಲ್ಲಿ ಯಾರನ್ನೋ ಗದರಿದರು. ಎಷ್ಟೋ ಮನವಿಗೆ ಬಾರದ ಜಲ್ಲಿ ಒಂದು ಫೋನಿಗೆ ಹತ್ತೇ ನಿಮಿಷದಲ್ಲಿ ಬಂತು. ಗುಂಡಿ ತುಂಬಿತು, ಚಕ್ರ ಮೇಲೆದ್ದಿತು. ಜನ ಚಪ್ಪಾಳೆ ತಟ್ಟಿದರು. ಇಂಜಿನ್ ಮಾತ್ರ ಏಳಲಿಲ್ಲ. ಪೊಲೀಸಪ್ಪನಿಗೆ ಸಂಶಯ. “ಪೆಟ್ರೋಲ್ ಇಲ್ಲದೇ ನಾಟಕ ಮಾಡ್ತೀರಾ?” ಎನ್ನುತ್ತ ಹಿಂದೆ ಹೋಗಿ ಟ್ಯಾಂಕಿನ ಪುಟ್ಟ ಬಾಗಿಲು ತೆರೆದ. ಒಳಗೆ ಮುಚ್ಚಳಕ್ಕೆ ಪ್ಲಾಸ್ಟಿಕ್ ಕೊಟ್ಟೆ ಹೊದೆಸಿ ದಾರ ಬಿಗಿದಿತ್ತು. ಮಳೆಗಾಲದಲ್ಲಿ ಕೊಳೆ ರೋಗ ಬಾರದಂತೆ ಅಡಿಕೆ ಗೊನೆಗೆ ಕಟ್ಟುತ್ತೇವಲ್ಲ, ಅದೇ ಕೊಟ್ಟೆ, ಅದೇ ಗಂಟು. ಕಿತ್ತು ಮುಚ್ಚಳ ತಿರುಗಿಸಿದ. ಟ್ಯಾಂಕು ‘ಸುಂಯ್’ ಎಂದು ಉಸಿರೆಳೆದುಕೊಂಡಿತು. ಕೀಲಿ ತಿರುಗಿಸಿದೆ, ಇಂಜಿನ್ ಗುರ್ ಎಂದಿತು. ಟ್ಯಾಂಕಿನೊಳಗೆ ಗಾಳಿ ಹೋಗಲು ದಾರಿಯಿಲ್ಲದೆ ಪೆಟ್ರೋಲ್ ಇಳಿಯುತ್ತಿರಲಿಲ್ಲ; ಅರ್ಧ ಗಂಟೆ ಬಿಟ್ಟರೆ ಸಂದಿಯಲ್ಲಿ ಒಂದಿಷ್ಟು ನುಸುಳುತ್ತಿತ್ತು, ಅಷ್ಟೇ!

ಭಾವನನ್ನು ನೋಡಿದೆ. ಅವನಿಗೆ ಒಂದಿಷ್ಟೂ ನಾಚಿಕೆಯಿಲ್ಲ. “ಪ್ರತಿ ಸಲ ಪೆಟ್ರೋಲ್ ಹಾಕ್ಸಿ ಆನೇ ಸ್ವಂತ ಕೈಯಾರೆ ಕಟ್ಟಿದ್ದೆ. ಮಳೆನೀರು ಹೊಕ್ಕಿದ್ರೆ ಟ್ಯಾಂಕಿಗೆ ಕೊಳೆ ಬತ್ತಿಲ್ಯಾ?”

ಸುದ್ದಿ ಹಬ್ಬಿತು. ಮುಂದಿನ ವಾರ ನಂದೊಳ್ಳಿ ಕಡೆಯ ಕೆಲವರು ಮನೆಗೆ ಬಂದರು. ಅವರಿಗೂ ಗುಂಡಿ, ಅವರಿಗೂ ಕಚೇರಿ. ನಾನು ಒಳಗೆ ಹೋಗಿ ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಬಂದೆ.

“ಭಾಷಣ ಎಷ್ಟು ಹೊತ್ತಿಗೆ?” ಎಂದೆ.

ಅವರು ಮುಖ ಮುಖ ನೋಡಿಕೊಂಡರು. ಹಿರಿಯರೊಬ್ಬರು ಗಂಟಲು ಸರಿ ಮಾಡಿಕೊಂಡು ಮೆತ್ತಗೆ ಹೇಳಿದರು:

“ನಿಮಗೆ ಸುಮ್ಮನೆ ತೊಂದರೆ ಯಾಕೆ? ಕಾರು ಕೊಡಿ, ಸಾಕು. ಮತ್ತೆ... ಆ ಕೊಟ್ಟೆ ಕಟ್ಟೋ ಭಾವ ಇದ್ದಾರಲ್ಲ, ಅವರು ಬಂದರೆ ದೊಡ್ಡ ಉಪಕಾರ.”