ಫ್ರಿಜ್ಜಿಗೆ ಪಾಠ ಹೇಳುವ ಅತ್ತೆ

ನಮ್ಮ ಸೋದರತ್ತೆಯ ಹತ್ತಿರ ಶ್ರದ್ಧೆಯಿಂದ ಪಾಠ ಕೇಳಿದವರಲ್ಲಿ ಅವರ ಮನೆಯ ಫ್ರಿಜ್ಜಿಗೇ ಮೊದಲ ಸ್ಥಾನ ಎಂದರೆ ನೀವು ನಂಬುವುದಿಲ್ಲ. ಹೊಸಹಳ್ಳಿಯ ಅವರ ಮನೆಗೆ ಬಂದು ನೋಡಿ! ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವ ಹೆಂಗಸು ಅಡುಗೆಮನೆಯಲ್ಲಿ ನಿಂತು, ಫ್ರಿಜ್ಜಿನ ಬಾಗಿಲ ಮೇಲೆ ಬೆರಳು ಎಳೆಯುತ್ತಾ ‘ನೆಕ್ಸ್ಟ್’ ಎನ್ನುತ್ತಿರುತ್ತಾರೆ.

ಅವರ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂದಿತ್ತು. ಮುಟ್ಟಿದರೆ ಚಿತ್ರ ದೊಡ್ಡದಾಗುವ, ಬೆರಳು ಎಳೆದರೆ ಪುಟ ಬದಲಾಗುವ, ಗೋಡೆಯಗಲದ ಟೀವಿ. ಅದರಲ್ಲಿ ಡೆಮೊ ಪಾಠ ಮಾಡಲಾಗದವರಿಗೆ ಹತ್ತನೇ ಕ್ಲಾಸ್ ಇಲ್ಲ ಎಂದು ಹೆಡ್‌ಮಾಸ್ಟರು ಹೇಳಿಬಿಟ್ಟರು. ಮದುವೆಯನ್ನೂ ಬೇಡವೆಂದ ಅತ್ತೆ ಜೀವನದಲ್ಲಿ ಹಚ್ಚಿಕೊಂಡದ್ದು ಆ ಹತ್ತನೇ ಕ್ಲಾಸನ್ನು ಮಾತ್ರ. ಅದೂ ಹೋದರೆ ಉಳಿಯುವುದು ಫ್ರಿಜ್ಜೇ ಅಲ್ಲವೇ? ಅದಕ್ಕೇ ಫ್ರಿಜ್ಜಿನ ಬಾಗಿಲನ್ನೇ ಬೋರ್ಡ್ ಎಂದುಕೊಂಡು ದಿನಾ ಅಭ್ಯಾಸ ಮಾಡತೊಡಗಿದರು.

ವಿಡಿಯೋ ನೋಡಿ ಕಲಿಯಬಾರದೇ ಎಂದು ನಾನು ಕೇಳಿದ್ದೆ. “ಅದ್ರಲ್ಲಿ ಹೇಳ್ಕೊಡೋ ಹುಡುಗ ನನ್ನ ಡೌಟ್ ಕೇಳಲ್ಲ ಕಣೋ” ಎಂದರು.

ಡೆಮೊ ದಿನ ಬಂತು. ಆಯುಧಪೂಜೆಗೆ ಸೂಕ್ಷ್ಮದರ್ಶಕಕ್ಕೂ ವಿಭೂತಿ ಹಚ್ಚುವವರು ಹೊಸ ಯಂತ್ರವನ್ನು ಹಾಗೇ ಮುಟ್ಟಿಯಾರೇ? ಬೆಳಗ್ಗೆ ಎಲ್ಲರಿಗಿಂತ ಮೊದಲೇ ಹೋಗಿ ಬೋರ್ಡಿನ ನೆತ್ತಿಗೆ ಮಲ್ಲಿಗೆ ಮಾಲೆ ಇಳಿಬಿಟ್ಟರು. ಆ ಬೋರ್ಡಿಗೋ, ಬೆರಳಿಗೂ ಹೂವಿಗೂ ವ್ಯತ್ಯಾಸ ಗೊತ್ತಿಲ್ಲ! ಫ್ಯಾನಿನ ಗಾಳಿಗೆ ಮಾಲೆ ಗಾಜನ್ನು ಸವರಿದಾಗಲೆಲ್ಲ ಪುಟ ಮಗುಚಿತು. ಅತ್ತೆ ಹೃದಯ ಎಂದರೆ ಮೂತ್ರಪಿಂಡ ಬಂತು, ಶ್ವಾಸಕೋಶ ಎಂದರೆ ದಾಸವಾಳ ಬಂತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಹೆಡ್‌ಮಾಸ್ಟರು ನಗಲಿಲ್ಲ, ಹೂವು ಯಾರು ಹಾಕಿದ್ದು ಎಂದು ಕೇಳಿದರಂತೆ.

“ಪೂಜೆ ಮಾಡ್ದೆ ಹೇಗೆ ಸಾರ್ ಮುಟ್ಟೋದು?” ಎಂದರಂತೆ ಅತ್ತೆ.

ಮಧ್ಯಾಹ್ನದೊಳಗೆ ಹತ್ತನೇ ಕ್ಲಾಸ್ ಇನ್ನೊಬ್ಬರ ಪಾಲಾಯಿತು. ಹೂವು ತೆಗೆದು ಇನ್ನೊಂದು ಸಲ ಮಾಡಿ ಎಂದು ಯಾರೂ ಹೇಳಲಿಲ್ಲ.

ಇದನ್ನೆಲ್ಲ ಅತ್ತೆ ಫೋನಿನಲ್ಲಿ ನಗುತ್ತಲೇ ಹೇಳಿದರು. ಆ ನಗು ನನಗೆ ಸರಿ ಕಾಣಲಿಲ್ಲ. ಮರುದಿನ ಸಂಜೆ, ರೇಗಿಸಿ ನಗಿಸೋಣವೆಂದು ನಾಲ್ಕು ಮಾತು ಹೊಂದಿಸಿಕೊಂಡು ಹೋದೆ. ಲೈಟು ಹಾಕದ ಅಡುಗೆಮನೆಯಲ್ಲಿ ಅವರು ಫ್ರಿಜ್ಜಿಗೆ ಹೃದಯದ ಪಾಠ ಹೇಳುತ್ತಿದ್ದರು. ಒಂದು ಕಡೆಯೂ ತಡವರಿಸಲಿಲ್ಲ. ನನ್ನನ್ನು ಕಂಡವರೇ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

“ಅಭ್ಯಾಸ ಆಗ್ಬಿಟ್ಟಿದೆ ಕಣೋ, ನಿಲ್ಸೋಕೆ ಆಗ್ತಿಲ್ಲ” ಎಂದರು.

ತಂದ ಮಾತೆಲ್ಲ ಮರೆತು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ, ಕೈ ಎತ್ತಿದೆ.

“ಮಿಸ್, ಅರ್ಥ ಆಗ್ಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?”

ಅತ್ತೆ ಕಣ್ಣೊರೆಸಿಕೊಂಡರು. ಆಮೇಲೆ ಫ್ರಿಜ್ಜಿನ ಕಡೆ ತಿರುಗಿ, ಮೊದಲನೇ ಪುಟ ಸಿಗುವವರೆಗೂ ಬೆರಳನ್ನು ಹಿಂದಕ್ಕೆ ಎಳೆಯುತ್ತಾ ಹೋದರು.